ಹಾರ್ಡ್‌ವೇರ್ ಅಂಗಡಿಗೆ ಮಷಿನ್ ವಾಪಸ್: ಬಿಲ್, ವಾರಂಟಿ, ಸಂಬಳ ಕಡಿತ – ಗಲ್ಫ್ ಕಾರ್ಮಿಕರು ತಿಳಿದಿರಬೇಕಾದ ಸಂಗತಿಗಳು

ದುಬೈ: ದೇರಾದ ನೈಫ್, ಸತ್ವಾ, ಅಲ್ ಕೂಸ್, ಡ್ರಾಗನ್ ಮಾರ್ಟ್, ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ, ಅಬುಧಾಬಿಯ ಮುಸಫ್ಫಾ. ಯುಎಇಯಲ್ಲಿ ಎಲ್ಲೆಲ್ಲಿ ಕೆಲಸಗಾರರಿದ್ದಾರೋ ಅಲ್ಲೆಲ್ಲ ಹಾರ್ಡ್‌ವೇರ್ ಅಂಗಡಿಗಳಿವೆ. ಕೊಂಡ ಡ್ರಿಲ್ ಮಷಿನ್ ಎರಡೇ ದಿನಕ್ಕೆ ನಿಂತುಹೋಗಿ ವಾಪಸ್ ತೆಗೆದುಕೊಂಡು ಹೋದರೆ ಕೌಂಟರಿನಲ್ಲಿ ಮೊದಲು ಸಿಗುವ ಉತ್ತರ ‘ಮಾಫಿ ರಿಟರ್ನ್’. ಎರಡನೇ ಉತ್ತರ ‘ಬುಕ್ರಾ ಬಾ’. ಬಹಳಷ್ಟು ಮಂದಿ ಅಲ್ಲಿಗೇ ಕೈ ಚೆಲ್ಲಿ ಬರುತ್ತಾರೆ.

250 ದಿರ್ಹಂ ದೊಡ್ಡ ಮೊತ್ತ ಅಲ್ಲ ಅಂತ ಆಫೀಸಿನಲ್ಲಿ ಕುಳಿತವರಿಗೆ ಅನಿಸಬಹುದು. ತಿಂಗಳಿಗೆ 1,200 ದಿರ್ಹಂ ದುಡಿಯುವ ಹೆಲ್ಪರ್‌ಗೆ ದಿನಕ್ಕೆ ಬೀಳುವುದು 40 ದಿರ್ಹಂ. ಅಂದರೆ ಆ ಒಂದು ಮಷಿನ್ ಅವನ ಆರು ದಿನಕ್ಕೂ ಮೀರಿದ ದುಡಿಮೆ. ಅದರಲ್ಲೂ ಫೋರ್‌ಮನ್ ಕೊಟ್ಟ ಪೆಟ್ಟಿ ಕ್ಯಾಶ್‌ನಲ್ಲಿ ತಂದ ಮಷಿನ್ ಆಗಿದ್ದರೆ ಅಂಗಡಿಯವನು ವಾಪಸ್ ತಗೊಳ್ಳಲ್ಲ, ಕಂಪನಿ ಲೆಕ್ಕ ಒಪ್ಪಲ್ಲ, ಕೊನೆಗೆ ಸಂಬಳದಲ್ಲಿ ಕಟ್. ಹಾಗಾಗಿ ಈ ವಿಷಯವನ್ನು ಅಂಗಡಿಯಿಂದ ಹಿಡಿದು ಸಂಬಳದ ಚೀಟಿಯವರೆಗೆ ನೋಡುವುದು ಒಳ್ಳೆಯದು.

ಕೆಟ್ಟ ಮಾಲು ಬೇರೆ, ಬೇಡವಾದ ಮಾಲು ಬೇರೆ

ಗೊಂದಲ ಶುರುವಾಗುವುದು ಇಲ್ಲೇ. ಯುಎಇಯ ಗ್ರಾಹಕ ರಕ್ಷಣೆಯ ಕಾನೂನು 2020ರ 15ನೇ ಫೆಡರಲ್ ಕಾನೂನು. ಅದಕ್ಕೆ 2023ರಲ್ಲಿ ತಿದ್ದುಪಡಿಯೂ ಆಗಿದೆ, ವಿವರವಾದ ನಿಯಮಾವಳಿಯೂ ಬಂದಿದೆ. ಮಾಲಿನಲ್ಲಿ ದೋಷ ಇದ್ದರೆ ಮಾರಿದವನಿಗೆ ಜವಾಬ್ದಾರಿ ಇದೆ: ರಿಪೇರಿ ಮಾಡಿಕೊಡಬೇಕು, ಬದಲಿ ಕೊಡಬೇಕು, ಇಲ್ಲವೇ ಹಣ ವಾಪಸ್ ಕೊಡಬೇಕು. ಮೂರರಲ್ಲಿ ಯಾವುದು ಎಂಬುದು ವಸ್ತು ಮತ್ತು ದೋಷವನ್ನು ನೋಡಿ ತೀರ್ಮಾನ ಆಗುವಂಥದ್ದು. ಮೊದಲ ದಿನವೇ ನಗದು ಕೈಗೆ ಬರುತ್ತದೆ ಅಂದುಕೊಂಡು ಹೋಗಬೇಡಿ. ಬಿಲ್ಲಿನ ಕೆಳಗೆ ‘ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದು ಅಚ್ಚಾಗಿರುತ್ತದಲ್ಲ, ದೋಷ ಇರುವ ಮಾಲಿನ ವಿಷಯದಲ್ಲಿ ಆ ಸಾಲಿನಿಂದ ಅಂಗಡಿಯವನ ಹೊಣೆ ಹೋಗುವುದಿಲ್ಲ.

ಆದರೆ ಮಷಿನ್ ಸರಿಯಾಗಿದೆ, ತಂದವನಿಗೆ ಬೇಡವಾಯಿತು, ಅಳತೆ ತಪ್ಪಾಯಿತು, ಪಕ್ಕದ ಅಂಗಡಿಯಲ್ಲಿ 20 ದಿರ್ಹಂ ಕಡಿಮೆಗೆ ಸಿಕ್ಕಿತು ಅಂತಾದರೆ ಮಾತು ಬೇರೆ. ಅಲ್ಲಿ ನಡೆಯುವುದು ಅಂಗಡಿಯ ಸ್ವಂತ ನಿಯಮ. ದೊಡ್ಡ ಮಾಲ್‌ಗಳಲ್ಲಿರುವ ಮಳಿಗೆಗಳು ಇಷ್ಟು ದಿನದೊಳಗೆ ಪ್ಯಾಕ್ ಒಡೆಯದೆ ತಂದರೆ ಬದಲಾಯಿಸುತ್ತೇವೆ ಎಂದು ಬರೆದು ಹಾಕಿರುತ್ತವೆ. ನೈಫ್‌ನ ಸಣ್ಣ ಅಂಗಡಿಗಳಲ್ಲಿ ಅಂಥ ಬೋರ್ಡ್ ಇರುವುದಿಲ್ಲ, ಮುಖಪರಿಚಯವೇ ನಿಯಮ. ದಿನಾ ಮಾಲು ಒಯ್ಯುವ ಪ್ಲಂಬರ್‌ಗೆ ಎಲ್ಬೋ, ಟೀ, ಕಪ್ಲಿಂಗ್ ಬದಲಾಯಿಸಿಕೊಡುತ್ತಾರೆ. ಹೊಸಬನಿಗೆ ಇಲ್ಲ. ಕೊಳ್ಳುವಾಗಲೇ ‘ಸೈಜ್ ಆಗದಿದ್ದರೆ ಬದಲಿ ಕೊಡ್ತೀರಾ’ ಅಂತ ಕೇಳಿ, ಹೌದು ಅಂದರೆ ಎಷ್ಟು ದಿನ ಎಂಬುದನ್ನು ಬಿಲ್ಲಿನ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಬೇಕು. ಮಧ್ಯಾಹ್ನದ ಕೌಂಟರ್ ಹುಡುಗ ಕೊಟ್ಟ ಮಾತು ರಾತ್ರಿ ಪಾಳಿಯವನಿಗೆ ಗೊತ್ತಿರುವುದಿಲ್ಲ.

ಕೆಲವು ಮಾಲುಗಳು ಎಲ್ಲಿಯೂ ವಾಪಸ್ ಆಗುವುದಿಲ್ಲ. ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಟ್ಟ ಕೇಬಲ್ ಮತ್ತು ಪೈಪ್, ಬಣ್ಣ ಬೆರೆಸಿ ಕೊಟ್ಟ ಪೇಂಟ್, ಬಾಯಿ ಒಡೆದ ಸಿಲಿಕಾನ್, ಬಳಸಿದ ಬಿಟ್ ಮತ್ತು ಡಿಸ್ಕ್. ಇದಕ್ಕೆ ಜಗಳ ಆಡಿ ಪ್ರಯೋಜನ ಇಲ್ಲ, ಮಾಲಿನಲ್ಲೇ ದೋಷ ಇದ್ದರೆ ಮಾತ್ರ ಕೇಳಬಹುದು.

ಕೌಂಟರಿನಲ್ಲೇ ಆಗಬೇಕಾದ ಕೆಲಸ

ವಾಪಸಾತಿಯ ಅರ್ಧ ಜಗಳ ಕೊಳ್ಳುವಾಗಲೇ ತಪ್ಪಿಸಬಹುದು. ಬಹುತೇಕ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೌಂಟರ್ ಪಕ್ಕ ಒಂದು ಪ್ಲಗ್ ಪಾಯಿಂಟ್ ಇರುತ್ತದೆ. ಮಷಿನ್ ಡಬ್ಬಿಯಿಂದ ತೆಗೆಸಿ, ಪ್ಲಗ್ ಹಾಕಿಸಿ, ಒಂದು ನಿಮಿಷ ಓಡಿಸಿ ನೋಡಬೇಕು. ಅವಸರ ಮಾಡಬಾರದು. ಬೇರಿಂಗ್ ಕೆಟ್ಟಿದ್ದರೆ ಕರಕರ ಶಬ್ದ ಬರುತ್ತದೆ, ಸ್ವಿಚ್ ಸಡಿಲ ಇದ್ದರೆ ಬಿಟ್ಟು ಬಿಟ್ಟು ಓಡುತ್ತದೆ, ಕಾರ್ಬನ್ ಬ್ರಷ್ ಸರಿ ಕೂರದಿದ್ದರೆ ಗಾಳಿ ಕಿಂಡಿಯಲ್ಲಿ ದೊಡ್ಡ ಕಿಡಿ ಕಾಣುತ್ತದೆ. ಹ್ಯಾಮರ್ ಡ್ರಿಲ್ ಆದರೆ ಹ್ಯಾಮರ್ ಮೋಡ್‌ನಲ್ಲೂ ನೋಡಬೇಕು. ಬ್ಯಾಟರಿ ಮಷಿನ್ ಆದರೆ ಎರಡೂ ಬ್ಯಾಟರಿ ಹಾಕಿ ನೋಡಬೇಕು. ಒಂದು ಬ್ಯಾಟರಿಯಲ್ಲಿ ಓಡಿಸಿ ತೋರಿಸಿ ಇನ್ನೊಂದನ್ನು ಡಬ್ಬಿಯಲ್ಲೇ ಬಿಡುವುದು ಮಾಮೂಲು.

ಮಷಿನ್ ಮೇಲಿರುವ ತಗಡಿನ ಪಟ್ಟಿಯನ್ನು ಓದುವುದು ಇನ್ನೊಂದು ಕೆಲಸ. ಯುಎಇಯಲ್ಲಿ ಕರೆಂಟ್ 220–240 ವೋಲ್ಟ್, 50 ಹರ್ಟ್ಸ್. ಕೆಲವು ಪ್ಲಾಂಟ್ ಮತ್ತು ಸೈಟ್‌ಗಳಲ್ಲಿ ಸುರಕ್ಷತೆಗಾಗಿ ಟ್ರಾನ್ಸ್‌ಫಾರ್ಮರ್ ಇಟ್ಟು 110 ವೋಲ್ಟ್ ಮಷಿನ್ ಬಳಸುತ್ತಾರೆ. ಅಂಥ ಮಷಿನ್‌ಗಳು ಸೆಕೆಂಡ್ ಹ್ಯಾಂಡ್ ಆಗಿ ಮಾರ್ಕೆಟಿಗೆ ಬಂದು, ಯಾರೋ ಪ್ಲಗ್ ಬದಲಾಯಿಸಿ ಮಾರಿ, ಕೊಂಡವನು ರೂಮಿನ ಸಾಕೆಟ್‌ಗೆ ಹಾಕಿದ ಕೂಡಲೇ ಸುಟ್ಟು ಖಲಾಸ್ ಆಗುತ್ತವೆ. ಸೌದಿಯಲ್ಲಿ 60 ಹರ್ಟ್ಸ್. ಅಲ್ಲಿಂದ ತಂದ ಪಂಪ್ ಇಲ್ಲಿ ಓಡಬಹುದು, ಆದರೆ ಅದೇ ವೇಗ, ಅದೇ ನೀರು ಸಿಗುವುದಿಲ್ಲ, ಮೋಟಾರ್ ಹೆಚ್ಚು ಬಿಸಿಯಾಗುತ್ತದೆ. ಇಂಥದ್ದಕ್ಕೆ ಯಾವ ಅಂಗಡಿಯೂ ಹೊಣೆ ಹೊರುವುದಿಲ್ಲ.

ಗ್ರೈಂಡರ್ ಡಿಸ್ಕ್‌ಗೂ ತಾರೀಖು ಇದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಒಳ್ಳೆಯ ಕಂಪನಿಗಳ ಡಿಸ್ಕ್‌ನ ಮಧ್ಯದ ಲೋಹದ ಉಂಗುರದ ಮೇಲೆ ತಿಂಗಳು ಮತ್ತು ವರ್ಷ ಒತ್ತಿರುತ್ತಾರೆ. ಅದು ತಯಾರಾದ ದಿನ ಅಲ್ಲ, ಬಳಸಬಹುದಾದ ಕೊನೆಯ ಅವಧಿ. ರಾಳದಿಂದ ಕಟ್ಟಿದ ಡಿಸ್ಕ್‌ಗಳಿಗೆ ಈ ಅವಧಿ ಹೆಚ್ಚೆಂದರೆ ಮೂರು ವರ್ಷ. ಅವಧಿ ಮುಗಿದ ಡಿಸ್ಕ್ ಮೊಗಚಿ ಮೊಗಚಿ ಅಗ್ಗಕ್ಕೆ ಮಾರುವವರಿದ್ದಾರೆ. ಅದನ್ನು ಬಳಸದೆ ಅಂಗಡಿಗೆ ವಾಪಸ್ ಕೊಡಬೇಕು. ಐದು ದಿರ್ಹಂ ಉಳಿಸಲು ಹೋಗಿ ಡಿಸ್ಕ್ ಸಿಡಿದರೆ ಹೋಗುವುದು ಕಣ್ಣು.

‘ನೀವೇ ಸುಟ್ಟಿದ್ದು’ ಎಂಬ ಮಾತು

ಮಷಿನ್ ವಾಪಸ್ ಒಯ್ದಾಗ ಅಂಗಡಿಯವನು ಅದನ್ನು ಸರ್ವಿಸ್ ಸೆಂಟರ್‌ಗೆ ಕಳಿಸುತ್ತೇನೆ ಅನ್ನುತ್ತಾನೆ. ವಾರ ಕಳೆದು ಉತ್ತರ ಬರುತ್ತದೆ: ಓವರ್‌ಲೋಡ್, ವಾರಂಟಿ ಇಲ್ಲ. ಈ ಮಾತು ಕೆಲವೊಮ್ಮೆ ನೆಪ, ಕೆಲವೊಮ್ಮೆ ನಿಜ. ಎರಡನ್ನೂ ಬೇರೆ ಮಾಡಲು ಮಷಿನ್ ಒಳಗೆ ಏನಾಗುತ್ತದೆ ಎಂದು ಸ್ವಲ್ಪ ತಿಳಿದಿರಬೇಕು.

ಕಾರ್ಬನ್ ಬ್ರಷ್ ಸವೆಯಲಿಕ್ಕೇ ಇರುವ ಭಾಗ. ಅದು ಸವೆದದ್ದು ದೋಷ ಅಲ್ಲ, ಚಕ್, ಬಿಟ್, ಬ್ಲೇಡ್ ಕೂಡ ಹಾಗೆಯೇ. ಸಾಮಾನ್ಯವಾಗಿ ವಾರಂಟಿ ಕಾರ್ಡಿನಲ್ಲಿ ಇವನ್ನು ಹೊರಗಿಟ್ಟಿರುತ್ತಾರೆ. ಬ್ಯಾಟರಿ ಮತ್ತು ಚಾರ್ಜರ್‌ಗೆ ಮಷಿನ್‌ಗಿಂತ ಕಡಿಮೆ ಅವಧಿ ಇರುವುದೂ ಉಂಟು. ಆರ್ಮೇಚರ್ ಪೂರಾ ಕಪ್ಪಾಗಿದ್ದರೆ, ಗೇರಿನ ಗ್ರೀಸ್‌ನಲ್ಲಿ ಸಿಮೆಂಟ್ ಧೂಳು ತುಂಬಿದ್ದರೆ ಟೆಕ್ನಿಷಿಯನ್ ಅದನ್ನು ಬಳಕೆಯ ತಪ್ಪು ಅಂತಲೇ ಬರೆಯುತ್ತಾನೆ. 50 ಮೀಟರ್ ತೆಳು ಎಕ್ಸ್‌ಟೆನ್ಷನ್ ವಯರ್‌ನಲ್ಲಿ ದೊಡ್ಡ ಬ್ರೇಕರ್ ಓಡಿಸಿದರೆ ವೋಲ್ಟೇಜ್ ಇಳಿದು ಮೋಟಾರ್ ಕಾಯುತ್ತದೆ. ಇದು ಸೈಟ್‌ಗಳಲ್ಲಿ ದಿನನಿತ್ಯದ ಕಥೆ. ಅದೇ ಮೊದಲ ವಾರದಲ್ಲೇ ಸ್ವಿಚ್ ಸತ್ತರೆ, ಬೇರಿಂಗ್ ಕೂಗಿದರೆ, ಹೊಸ ಬ್ಯಾಟರಿ ಚಾರ್ಜ್ ಹಿಡಿಯದಿದ್ದರೆ ಅದು ಮಾಲಿನ ದೋಷ ಎಂದು ವಾದ ಮಾಡಲು ಬಲವಾದ ಕಾರಣ ಇದೆ.

ನಾಲ್ಕೂವರೆ ಇಂಚಿನ ಗ್ರೈಂಡರ್‌ನ ಗಾರ್ಡ್ ಕಳಚಿ ಒಂಬತ್ತು ಇಂಚಿನ ಡಿಸ್ಕ್ ಹಾಕುವವರ ಬಗ್ಗೆ ಪ್ರತ್ಯೇಕ ಹೇಳಬೇಕು. ಸಣ್ಣ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಒಂಬತ್ತು ಇಂಚಿನ ಡಿಸ್ಕ್ ತಾಳುವುದು ಸುಮಾರು 6,600. ವಾರಂಟಿ ಹೋಗುವುದು ಅಲ್ಲಿ ಸಣ್ಣ ನಷ್ಟ.

ರೂಮಿನಲ್ಲಿ ಮಷಿನ್ ಬಿಚ್ಚಬಾರದು ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಪ್ರತಿ ಕ್ಯಾಂಪಿನಲ್ಲೂ ಒಬ್ಬ ‘ಎಲ್ಲ ರಿಪೇರಿ ಬರುವ’ ಗೆಳೆಯ ಇರುತ್ತಾನೆ. ಅವನ ಮನಸ್ಸು ಒಳ್ಳೆಯದೇ. ಆದರೆ ಸ್ಕ್ರೂ ಮೇಲಿನ ಸೀಲ್ ಒಡೆದ ಮಷಿನ್‌ಗೆ ವಾರಂಟಿ ಕೇಳುವುದು ಕಷ್ಟ. ಮಷಿನ್ ಕೊಡುವ ಮೊದಲು ಅದರ ಸೀರಿಯಲ್ ನಂಬರ್, ಹೊರಗಿನ ಸ್ಥಿತಿ, ಸೀಲ್ ಇರುವ ಜಾಗದ ಫೋಟೊ ತೆಗೆದಿಡಬೇಕು. ಓಡುವಾಗ ಬರುವ ಶಬ್ದದ ಸಣ್ಣ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ಸರ್ವಿಸ್‌ಗೆ ಕೊಟ್ಟಾಗ ತಾರೀಖು, ಸೀರಿಯಲ್ ನಂಬರ್, ದೂರಿನ ವಿವರ ಇರುವ ಚೀಟಿ ಪಡೆಯದೆ ಅಂಗಡಿ ಬಿಟ್ಟು ಹೊರಡಬಾರದು. ‘ಓವರ್‌ಲೋಡ್’ ಅಂದರೆ ಆ ವರದಿಯನ್ನೂ ಬರವಣಿಗೆಯಲ್ಲೇ ಕೇಳಬೇಕು. ಬರೆದು ಕೊಡಿ ಅಂದ ಕೂಡಲೇ ಕೆಲವು ಕಡೆ ಮಷಿನ್ ಸುಮ್ಮನೆ ರಿಪೇರಿಯಾಗಿ ಬರುವುದುಂಟು.

ಇನ್ನೊಂದು ಸೂಕ್ಷ್ಮ. ಒಂದೇ ಕಂಪನಿ ಮನೆಬಳಕೆಗೆ ಒಂದು ಸಾಲು, ವೃತ್ತಿಯವರಿಗೆ ಒಂದು ಸಾಲು ತಯಾರಿಸುತ್ತದೆ. ಬಾಷ್‌ನ ಹಸಿರು ಮಷಿನ್ ಮನೆಗೆ, ನೀಲಿ ಮಷಿನ್ ಕೆಲಸಗಾರರಿಗೆ. ಮನೆಬಳಕೆಯ ಅಗ್ಗದ ಮಷಿನ್ ತಂದು ಸೈಟ್‌ನಲ್ಲಿ ದಿನಕ್ಕೆ ಹತ್ತು ಗಂಟೆ ಓಡಿಸಿದರೆ ಅದು ಬೇಗ ಸಾಯುತ್ತದೆ, ವಾರಂಟಿಯ ಷರತ್ತೂ ಅಡ್ಡ ಬರಬಹುದು.

ಬಿಲ್ಲಿನ ಲೆಕ್ಕ

ಬಿಲ್ ಇಲ್ಲದೆ ಏನೂ ಇಲ್ಲ. ತಾರೀಖು ಇರುವ, ಅಂಗಡಿಯ ಹೆಸರು, ಮಾಲಿನ ವಿವರ, ಬೆಲೆ ಇರುವ ಬಿಲ್ ಕೊಡುವುದು ಮಾರುವವನ ಕರ್ತವ್ಯ. ‘ಹಾರ್ಡ್‌ವೇರ್ ಐಟಂ – 315’ ಅಂತ ಗೀಚಿದ ಚೀಟಿಯಿಂದ ಯಾವ ಮಷಿನ್ ಎಂದು ಸಾಬೀತು ಮಾಡಲಾಗದು. ಮಾಡೆಲ್ ನಂಬರ್ ಮತ್ತು ಸಾಧ್ಯವಾದರೆ ಸೀರಿಯಲ್ ನಂಬರ್ ಬರೆಸಬೇಕು. ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು, ತಾರೀಖು ಬೇಕು.

ಯುಎಇಯಲ್ಲಿ 2018ರ ಜನವರಿ 1ರಿಂದ ಶೇ 5 ವ್ಯಾಟ್ ಇದೆ. ವರ್ಷಕ್ಕೆ 3,75,000 ದಿರ್ಹಂ ದಾಟಿದ ವ್ಯಾಪಾರ ಇರುವ ಅಂಗಡಿ ನೋಂದಣಿ ಮಾಡಿಸಲೇಬೇಕು. ಅಂಥ ಅಂಗಡಿಯ ಬಿಲ್ಲಿನಲ್ಲಿ ‘ಟ್ಯಾಕ್ಸ್ ಇನ್‌ವಾಯ್ಸ್’ ಎಂಬ ಪದ ಮತ್ತು 15 ಅಂಕಿಯ ಟಿಆರ್‌ಎನ್ ನಂಬರ್ ಇರುತ್ತದೆ. ಟಿಆರ್‌ಎನ್ ಇಲ್ಲದ ಅಂಗಡಿ ವ್ಯಾಟ್ ಹೆಸರಲ್ಲಿ ಹಣ ಕೇಳುವಂತಿಲ್ಲ.

ವಾಪಸಾತಿಯಲ್ಲಿ ಇದರ ಪಾತ್ರ ಏನು? 300 ದಿರ್ಹಂ ಡ್ರಿಲ್‌ಗೆ 15 ವ್ಯಾಟ್ ಸೇರಿ 315 ಕೊಟ್ಟಿದ್ದೀರಿ ಅಂದುಕೊಳ್ಳಿ. ಮಷಿನ್ ವಾಪಸ್ ತೆಗೆದುಕೊಂಡು ‘ವ್ಯಾಟ್ ಗವರ್ನಮೆಂಟ್‌ಗೆ ಹೋಯ್ತು’ ಎಂದು 300 ಮಾತ್ರ ಎಣಿಸಿ ಕೊಡುವವರಿದ್ದಾರೆ. ಇದು ಸರಿಯಲ್ಲ. ಮಾಲು ವಾಪಸ್ ಬಂದರೆ ಅಂಗಡಿ ‘ಟ್ಯಾಕ್ಸ್ ಕ್ರೆಡಿಟ್ ನೋಟ್’ ಬರೆದು ತನ್ನ ವ್ಯಾಟ್ ಲೆಕ್ಕದಲ್ಲಿ ಆ 15 ದಿರ್ಹಂ ಇಳಿಸಿಕೊಳ್ಳಬಹುದು. ನಿಮಗೆ ಪೂರ್ತಿ 315 ಬರಬೇಕು. ಕಾರ್ಡಿನಲ್ಲಿ ಕೊಟ್ಟಿದ್ದರೆ ಹಣ ಅದೇ ಕಾರ್ಡಿಗೆ ಹೋಗುತ್ತದೆ, ಹಾಗಾಗಿ ಗೆಳೆಯನ ಕಾರ್ಡ್ ಉಜ್ಜಿದ್ದರೆ ಹಣ ಅವನ ಖಾತೆಗೆ.

ಕಂಪನಿಯ ಕೆಲಸಕ್ಕೆ ಕೊಳ್ಳುವವರು ಬಿಲ್ ಕಂಪನಿ ಹೆಸರು ಮತ್ತು ಕಂಪನಿಯ ಟಿಆರ್‌ಎನ್ ಹಾಕಿಯೇ ಮಾಡಿಸಬೇಕು. ಮಾಲು ವಾಪಸ್ ಕೊಟ್ಟಾಗ ಕ್ರೆಡಿಟ್ ನೋಟ್ ತಂದು ಅಕೌಂಟ್ಸ್‌ನವರಿಗೆ ಕೊಟ್ಟು ಸಹಿ ಪಡೆಯಬೇಕು. ನಗದು ಮಾತ್ರ ತಂದು ಫೋರ್‌ಮನ್ ಕೈಗಿಟ್ಟು, ಕಾಗದ ಇಲ್ಲದೆ ಹೋದರೆ, ತಿಂಗಳ ಕೊನೆಗೆ ಪೆಟ್ಟಿ ಕ್ಯಾಶ್ ಪಟ್ಟಿಯಲ್ಲಿ 315 ದಿರ್ಹಂ ನಿಮ್ಮ ಹೆಸರಿನ ಮುಂದೆಯೇ ನಿಂತಿರುತ್ತದೆ.

ಬಿಲ್ ಥರ್ಮಲ್ ಕಾಗದದ್ದಾದರೆ ಅದೇ ದಿನ ಫೋಟೊ ತೆಗೆಯಬೇಕು. ಜುಲೈ ಬಿಸಿಲಲ್ಲಿ ಪಿಕಪ್‌ನ ಡ್ಯಾಶ್‌ಬೋರ್ಡ್ ಮೇಲೆ ಒಂದು ಮಧ್ಯಾಹ್ನ ಬಿಟ್ಟರೆ ಬಿಲ್ ಪೂರಾ ಕಪ್ಪಾಗುತ್ತದೆ.

ಸೆಕೆಂಡ್ ಹ್ಯಾಂಡ್ ಮತ್ತು ಬಾಡಿಗೆ

ಬಳಸಿದ ಅಥವಾ ರಿಪೇರಿ ಮಾಡಿದ ಮಷಿನ್ ಮಾರುವ ಅಂಗಡಿ ಅದನ್ನು ಮುಚ್ಚಿಡದೆ ತಿಳಿಸಬೇಕು, ಬಿಲ್ಲಿನಲ್ಲೂ ನಮೂದಿಸಬೇಕು. ಹೊಸದೆಂದು ಹೇಳಿ ಹಳೆಯದನ್ನು ಕೊಟ್ಟರೆ ಅದು ದೂರಿಗೆ ಸ್ಪಷ್ಟ ಕಾರಣ. ಆದರೆ ಊರಿಗೆ ಹೋಗುವ ರೂಮ್‌ಮೇಟ್‌ನಿಂದಲೋ ಆನ್‌ಲೈನ್ ಜಾಹೀರಾತು ನೋಡಿ ಯಾರೋ ಅಪರಿಚಿತನಿಂದಲೋ ಕೊಂಡದ್ದಾದರೆ ಅಂಗಡಿಯ ಮೇಲಿರುವ ಹೊಣೆ ಅಲ್ಲಿ ಇಲ್ಲ. ಅಂಥ ಕಡೆ ಮಷಿನ್‌ನ ಮೂಲ ಬಿಲ್ ಕೇಳಿ ಪಡೆಯಬೇಕು. ವಾರಂಟಿಗೆ ಮಾತ್ರ ಅಲ್ಲ, ಅದು ಯಾವುದೋ ಸೈಟ್‌ನಿಂದ ಕದ್ದ ಮಾಲಲ್ಲ ಅನ್ನುವುದಕ್ಕೂ ಅದೇ ಆಧಾರ.

ಬ್ರೇಕರ್, ಕಂಪ್ರೆಸರ್ ಬಾಡಿಗೆಗೆ ತರುವಾಗ ಕೆಲವರು ಎಮಿರೇಟ್ಸ್ ಐಡಿ ಅಡವಿಡಲು ಹೇಳುತ್ತಾರೆ. ಐಡಿ ಕೊಡಬಾರದು, ನಕಲು ಮತ್ತು ಠೇವಣಿ ಸಾಕು. ಪಾಸ್‌ಪೋರ್ಟ್ ಅಂತೂ ಮಾತೇ ಇಲ್ಲ. ಠೇವಣಿಗೆ ರಸೀದಿ, ಒಯ್ಯುವಾಗ ಮಷಿನ್ ಹೇಗಿತ್ತು ಎಂಬ ಫೋಟೊ ಇಟ್ಟುಕೊಂಡರೆ ವಾಪಸ್ ಕೊಡುವಾಗ ‘ಈ ಬಿರುಕು ನಿಮ್ಮದೇ’ ಅನ್ನಲಿಕ್ಕೆ ಆಗದು.

ಮಾತಿಗೆ ಬಗ್ಗದಿದ್ದರೆ

ಮೊದಲು ಅಂಗಡಿಯ ಮ್ಯಾನೇಜರ್ ಅಥವಾ ಮಾಲೀಕ. ಕೌಂಟರಿನ ಹುಡುಗ ಸಂಬಳಕ್ಕಿರುವವನು, ಅವನ ಮೇಲೆ ಕೂಗಾಡಿ ಫಲ ಇಲ್ಲ. ಎರಡನೆಯದು ಬ್ರ್ಯಾಂಡ್‌ನ ಅಧಿಕೃತ ಡೀಲರ್. ವಾರಂಟಿ ಕಾರ್ಡಿನಲ್ಲಿ ಅವರ ಹೆಸರಿರುತ್ತದೆ. ಸೀರಿಯಲ್ ನಂಬರ್ ಕೊಟ್ಟರೆ ಮಷಿನ್ ಅಸಲಿಯೋ ನಕಲಿಯೋ ಅಲ್ಲೇ ತಿಳಿಯುತ್ತದೆ. ನಕಲಿ ಅಂತಾದರೆ ಅಂಗಡಿಯವನ ದನಿ ತಾನಾಗಿ ಇಳಿಯುತ್ತದೆ.

ಮೂರನೆಯದು ಸರ್ಕಾರ. ದುಬೈನಲ್ಲಿ ಗ್ರಾಹಕ ದೂರನ್ನು ಆರ್ಥಿಕತೆ ಮತ್ತು ಪ್ರವಾಸೋದ್ಯಮ ಇಲಾಖೆಗೆ ವೆಬ್‌ಸೈಟ್, ಆ್ಯಪ್ ಅಥವಾ 600545555 ನಂಬರ್ ಮೂಲಕ ಕೊಡಬಹುದು. ಶಾರ್ಜಾ, ಅಬುಧಾಬಿ ಮೊದಲಾದ ಕಡೆ ಆಯಾ ಎಮಿರೇಟ್‌ನ ಆರ್ಥಿಕ ಅಭಿವೃದ್ಧಿ ಇಲಾಖೆ. ಬಿಲ್, ಸರ್ವಿಸ್ ಚೀಟಿ, ಫೋಟೊ ಸೇರಿಸಿ ಏನಾಯಿತು, ಏನು ಬೇಕು ಎಂದು ನಾಲ್ಕು ಸಾಲಿನಲ್ಲಿ ಬರೆದರೆ ಸಾಕು. ವಕೀಲರು ಬೇಡ. ಬಿಲ್ ಕಂಪನಿ ಹೆಸರಲ್ಲಿದ್ದರೆ ಕಂಪನಿಯ ಕಡೆಯಿಂದಲೇ ದೂರು ಹೋಗುವುದು ಸರಿ.

ಸಂಬಳಕ್ಕೆ ಕೈ ಹಾಕಬಹುದೇ?

ಯುಎಇಯ ಈಗಿನ ಕಾರ್ಮಿಕ ಕಾನೂನು 2021ರ 33ನೇ ಫೆಡರಲ್ ಡಿಕ್ರಿ ಕಾನೂನು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಸಂಬಳದಲ್ಲಿ ಏನೇನು ಕಡಿಯಬಹುದು ಎಂಬುದು ಅದರ 25ನೇ ವಿಧಿಯಲ್ಲಿದೆ. ಕಾರ್ಮಿಕನ ತಪ್ಪಿನಿಂದ ಅಥವಾ ಸೂಚನೆ ಮೀರಿದ್ದರಿಂದ ಕಂಪನಿಯ ಉಪಕರಣ ಹಾಳಾದರೆ ಅಥವಾ ಕಳೆದುಹೋದರೆ ಆ ನಷ್ಟವನ್ನು ಕಡಿಯಲು ಅವಕಾಶ ಇದೆ, ಆದರೆ ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕು. ಹಲವು ಕಾರಣ ಸೇರಿದರೂ ಒಟ್ಟು ಕಡಿತ ಸಂಬಳದ ಅರ್ಧ ಮೀರುವಂತಿಲ್ಲ. ಮನೆಕೆಲಸದವರಿಗೆ ಬೇರೆ ಕಾನೂನು ಇದೆ.

ಇದರಲ್ಲಿ ಎರಡು ಅಂಶ ಗಮನಿಸಬೇಕು. ಮಷಿನ್‌ನಲ್ಲೇ ದೋಷ ಇದ್ದು ನಿಂತರೆ, ಅಥವಾ ವರ್ಷವಿಡೀ ದುಡಿದು ಸವೆದರೆ, ಅದು ಕಾರ್ಮಿಕನ ತಪ್ಪು ಅಲ್ಲ. ‘ಬ್ರಷ್ ಸವೆದಿದೆ’ ಎಂಬ ಸರ್ವಿಸ್ ವರದಿ ಇಲ್ಲಿ ಕಾರ್ಮಿಕನ ಪರವಾದ ದಾಖಲೆ. ಎರಡನೆಯದು ಆ ಒಪ್ಪಿಗೆ ಪತ್ರ. ಅರೇಬಿಕ್‌ನಲ್ಲೋ ಇಂಗ್ಲಿಷ್‌ನಲ್ಲೋ ಇರುವ ಕಾಗದಕ್ಕೆ ಓದದೆ ಸಹಿ ಹಾಕಿದರೆ ಆಮೇಲೆ ‘ಗೊತ್ತಿರಲಿಲ್ಲ’ ಅನ್ನುವುದು ಕಷ್ಟ. ಕ್ಯಾಂಪಿನಲ್ಲಿ ಓದಲು ಬರುವ ಯಾರಿಗಾದರೂ ತೋರಿಸಿ, ಯಾವ ಮಷಿನ್, ಎಷ್ಟು ಮೊತ್ತ, ಎಷ್ಟು ಕಂತು ಎಂದು ಬರೆದಿದೆಯೇ ನೋಡಬೇಕು. ಒಪ್ಪಿಗೆ ಇಲ್ಲದೆ ಕಡಿದರೆ ಮಾನವ ಸಂಪನ್ಮೂಲ ಸಚಿವಾಲಯಕ್ಕೆ 600590000 ಮೂಲಕ ದೂರು ಕೊಡಬಹುದು.

ಸೌದಿಯಲ್ಲಿ ಕಾರ್ಮಿಕನ ತಪ್ಪಿನಿಂದ ಉಪಕರಣ ಹಾಳಾದರೆ ತಿಂಗಳಿಗೆ ಐದು ದಿನದ ಸಂಬಳಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಅಂಗಡಿಯ ದೂರಿಗೆ ಅಲ್ಲಿ ವಾಣಿಜ್ಯ ಸಚಿವಾಲಯದ 1900 ನಂಬರ್ ಇದೆ. ಆನ್‌ಲೈನ್ ಖರೀದಿಗೆ, ಬಳಸದೆ ಇದ್ದರೆ, ಮಾಲು ಕೈಸೇರಿದ ಏಳು ದಿನದೊಳಗೆ ರದ್ದು ಮಾಡುವ ಹಕ್ಕು 2019ರ ಇ-ಕಾಮರ್ಸ್ ಕಾನೂನಿನಲ್ಲಿದೆ. ಅಲ್ಲಿಯ ವ್ಯಾಟ್ ಶೇ 15, ಆದ್ದರಿಂದ ‘ವ್ಯಾಟ್ ಕಳೆದು ಕೊಡ್ತೀನಿ’ ಎಂಬ ಮಾತಿಗೆ ಅಲ್ಲಿ ನಷ್ಟ ಮೂರು ಪಟ್ಟು. ಕುವೈತ್‌ನ 2014ರ ಕಾನೂನು ಬದಲಿ ಅಥವಾ ವಾಪಸಾತಿಗೆ 14 ದಿನ ಕೊಡುತ್ತದೆ. ಕತಾರ್‌ನಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ 16001.

ಊರಿಗೆ ಒಯ್ಯುವವರಿಗೆ

ರಜೆಗೆ ಹೊರಡುವ ಹಿಂದಿನ ರಾತ್ರಿ ಡ್ರಿಲ್, ಮಾರ್ಬಲ್ ಕಟರ್ ಕೊಂಡು ಪೆಟ್ಟಿಗೆಗೆ ಹಾಕುವುದು ನಮ್ಮವರ ಅಭ್ಯಾಸ. ಭಟ್ಕಳದಲ್ಲೋ ಪುತ್ತೂರಿನಲ್ಲೋ ಡಬ್ಬಿ ತೆರೆದು ಮಷಿನ್ ಓಡದಿದ್ದರೆ ಇಲ್ಲಿಯ ಡೀಲರ್‌ನ ವಾರಂಟಿ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ, ಮತ್ತೆ ಯಾರದಾದರೂ ಲಗೇಜಿನಲ್ಲಿ ವಾಪಸ್ ಕಳಿಸಬೇಕು. ಕನಿಷ್ಠ ಹತ್ತು ದಿನ ಮೊದಲೇ ಕೊಂಡು, ರೂಮಿನಲ್ಲಿ ಒಂದೆರಡು ಸಲ ಓಡಿಸಿ, ತೊಂದರೆ ಕಂಡರೆ ಇಲ್ಲೇ ಬದಲಾಯಿಸಿಕೊಳ್ಳುವುದು ಜಾಣತನ. ಪ್ಲಗ್ ಇಲ್ಲಿಯದು ಚೌಕ ಮೂರು ಪಿನ್ನಿನದು, ಊರಿನ ಸಾಕೆಟ್‌ಗೆ ಬದಲಾಯಿಸಬೇಕಾಗುತ್ತದೆ. ಆ ಕೆಲಸವನ್ನು ವಾರಂಟಿ ಅವಧಿಯ ಪರೀಕ್ಷೆ ಮುಗಿಯುವ ಮೊದಲು ಇಲ್ಲಿ ಮಾಡಬಾರದು, ವಯರ್ ಕತ್ತರಿಸಿದ ಮಷಿನ್ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಬ್ಯಾಟರಿ ಮಷಿನ್ ಆದರೆ ಬಿಡಿ ಬ್ಯಾಟರಿ ಚೆಕ್-ಇನ್ ಪೆಟ್ಟಿಗೆಯಲ್ಲಿ ಹೋಗುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. 18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿ ಅಂದರೆ 18ನ್ನು 5ರಿಂದ ಗುಣಿಸಿ 90, ಅಷ್ಟಕ್ಕೆ ತೊಂದರೆ ಇಲ್ಲ. 6 ಆಂಪಿಯರ್-ಅವರ್‌ನದಾದರೆ 108, ಅದಕ್ಕೆ ಮೊದಲೇ ಕೇಳಿ ಹೊರಡಬೇಕು.